ಮಗುವಿನೊಡನೆ ಆಡುವಾಗ ಆಟ ಯಾರದು?



ಒಂದು ಭಾನುವಾರ ಮಧ್ಯಾಹ್ನದ ಮಾತಿನಿಂದ ಆರಂಭಿಸುತ್ತೇನೆ. ಪೂಜೆ ಮುಗಿಸಿಕೊಂಡು ನಮ್ಮಲ್ಲಿಗೆ ಬಂದ ನೆಂಟರು ಹಜಾರದಲ್ಲಿ ಕುಳಿತಿದ್ದರು. ಎರಡು ವರ್ಷ ಇನ್ನೂ ತುಂಬದ ನಮ್ಮ ಮೊಮ್ಮಗಳು ಅಡುಗೆಮನೆಯಿಂದ ಸ್ಟೀಲ್ ಡಬ್ಬಿಗಳನ್ನೂ ಅವುಗಳ ಮುಚ್ಚಳಗಳನ್ನೂ ಒಂದೊಂದಾಗಿ ಹೊತ್ತು ತಂದು ನೆಲದ ಮೇಲೆ ಹರಡಿಕೊಂಡಿದ್ದಳು. ಚಿಕ್ಕ ಮುಚ್ಚಳವನ್ನು ದೊಡ್ಡ ಡಬ್ಬಿಯ ಮೇಲಿಡುವಳು, ಅದು ಒಳಗೆ ಬಿದ್ದು ಠಣ್ ಎನ್ನುವುದು, ನಗುವಳು, ಮತ್ತೆ ತೆಗೆದು ಹಾಗೆಯೇ ಮಾಡುವಳು. ನಾಲ್ಕಾರು ಸಲ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸ. ಅವಳ ಕೈಯಿಂದ ಮುಚ್ಚಳವನ್ನು ತೆಗೆದುಕೊಂಡು, "ಇದಲ್ಲ ಪುಟ್ಟೀ, ಇದು ನೋಡು" ಎಂದು ಸರಿಯಾದ ಮುಚ್ಚಳವನ್ನು ಸರಿಯಾದ ಡಬ್ಬಿಗೆ ಹಾಕಿ ತೋರಿಸಿದೆ. "ಎಲ್ಲಿ, ಈಗ ನೀನು ಹಾಕು. ಇದು ದೊಡ್ಡದೋ ಚಿಕ್ಕದೋ? ಮಾಮನಿಗೆ ಹೇಳು" ಎಂದೆ. ಮಗು ಒಮ್ಮೆ ನನ್ನ ಮುಖವನ್ನೂ ಒಮ್ಮೆ ನೆಂಟರ ಮುಖವನ್ನೂ ನೋಡಿತು. ಮುಚ್ಚಳವನ್ನು ಕೆಳಗಿಟ್ಟು, ಎದ್ದು, ಅಡುಗೆಮನೆಗೆ ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಠಣ್ ಎಂಬ ಸದ್ದೂ ಅದರ ಹಿಂದೆಯೇ ಅಜ್ಜಿ ಮೊಮ್ಮಗಳ ನಗುವೂ ಕೇಳಿದವು.

ಆ ಸಂಜೆ ಈ ಸಂಗತಿಯನ್ನು ತಮಾಷೆಯೆಂಬಂತೆ ಮಗನಿಗೆ ಹೇಳಿದೆ. ಅವನು ಸ್ವಲ್ಪ ತಡೆದು, "ಅಪ್ಪಾ, ನೀವು ನನ್ನ ಜೊತೆ ಆಡಿದ್ದು ನನಗೆ ಹೆಚ್ಚು ನೆನಪಿಲ್ಲ. ಪ್ರಶ್ನೆ ಕೇಳಿದ್ದು ನೆನಪಿದೆ. ಇದು ಯಾವ ಬಣ್ಣ, ಇವು ಎಷ್ಟು, ಅದರ ಹೆಸರೇನು ಅಂತ" ಎಂದನು. ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದನಷ್ಟೆ. ಆದರೆ ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಮಗನೊಡನೆ ಕಳೆದ ಅಷ್ಟೊಂದು ಸಂಜೆಗಳನ್ನು ನಾನು ಆಟವೆಂದೇ ಭಾವಿಸಿದ್ದೆನು. ಅವನ ಒಳ್ಳೆಯದಕ್ಕಾಗಿಯೇ ಆಡಿದ್ದೆನು. ಹಾಗಿದ್ದರೆ ತಪ್ಪಿದ್ದು ಎಲ್ಲಿ?

ಇದು ನನ್ನೊಬ್ಬನ ಮನೆಯ ಪ್ರಶ್ನೆಯಲ್ಲವೆಂದು ತೋರುವುದರಿಂದಲೇ ನಿಮ್ಮ ಮುಂದಿಡುತ್ತಿದ್ದೇನೆ. ಮಗುವಿನೊಡನೆ ಆಡುವ ಆಟಕ್ಕೆ 'ಕಲಿಕೆ' ಎಂಬ ಉದ್ದೇಶವನ್ನು ಇಟ್ಟುಕೊಳ್ಳುವುದು ಸರಿಯೇ? ಆಟವೆಂಬುದು ಆಟಕ್ಕಾಗಿಯೇ ಇರಬೇಕಲ್ಲವೇ? ಉದ್ದೇಶವಿಟ್ಟುಕೊಂಡ ಕೂಡಲೇ ಅದು ಆಟವಾಗಿ ಉಳಿಯುವುದೇ?

ಈ ಪ್ರಶ್ನೆ ಬಹಳ ಹಳೆಯದು. ಬಲವಂತದ ಪಾಠ ಮಕ್ಕಳ ಮನಸ್ಸಿನಲ್ಲಿ ನಿಲ್ಲದು, ಆಟದ ಮೂಲಕವೇ ಕಲಿಸಬೇಕು ಎಂಬ ವಿಚಾರವನ್ನು ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಮಂಡಿಸಿದನು. ಹದಿನೇಳನೆಯ ಶತಮಾನದಲ್ಲಿ ಬಿಷಪರೂ ಶಿಕ್ಷಣತಜ್ಞರೂ ಆಗಿದ್ದ ಕೊಮೇನಿಯಸ್, ತಾಯಿಯ ಮಡಿಲೇ ಮೊದಲ ಶಾಲೆಯೆಂದು ಬಗೆದು, ಆರು ವರ್ಷದೊಳಗಿನ ಮಕ್ಕಳನ್ನು ಮನೆಯಲ್ಲಿ ಬೆಳೆಸುವ ಬಗೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಮಗುವಿಗೆ ಅವರು ಕೊಡಮಾಡಿದ ಮೊದಲ ಆಟಿಕೆ ಉಣ್ಣೆಯ ಮೆತ್ತನೆಯ ಚೆಂಡು. ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೂ ಬಂದು, ಮದರಾಸಿನಲ್ಲಿಯೂ ಕೊಡೈಕೆನಾಲಿನಲ್ಲಿಯೂ ಅನೇಕ ವರ್ಷ ಇದ್ದು ಶಿಕ್ಷಕರಿಗೆ ತರಬೇತಿ ನೀಡಿದರು. ಇವರೆಲ್ಲರೂ ಮಗುವಿನ ಕೈಯ ಕೆಲಸವನ್ನು ಗೌರವದಿಂದ ಕಂಡವರು.

ಉದ್ದೇಶವೇ ಬೇಡವೆನ್ನುವವರಿಗೆ ಇನ್ನೊಂದು ಸಂಗತಿಯನ್ನು ತಿಳಿಸಬೇಕು. 1986ರ ಸುಮಾರಿಗೆ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಪೌಷ್ಟಿಕ ಆಹಾರದ ಕೊರತೆಯಿಂದ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಸ್ಯಾಲಿ ಗ್ರಂಥಮ್ ಮೆಕ್‌ಗ್ರೆಗರ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನಕ್ಕೆ ಆರಿಸಿಕೊಂಡರು. ಮಕ್ಕಳ ವಯಸ್ಸು ಒಂಬತ್ತು ತಿಂಗಳಿಂದ ಎರಡು ವರ್ಷ. ಕೆಲವರಿಗೆ ಹಾಲಿನ ಪುಡಿಯಿಂದ ಮಾಡಿದ ಪೂರಕ ಆಹಾರವನ್ನು ಕೊಟ್ಟರು. ಕೆಲವರ ಮನೆಗೆ ವಾರಕ್ಕೊಂದು ಗಂಟೆ ಆರೋಗ್ಯ ಕಾರ್ಯಕರ್ತೆ ಹೋಗಿ, ತಾಯಿಯ ಜೊತೆ ಕುಳಿತು ಮಗುವನ್ನು ಆಡಿಸಿದಳು. ಕೆಲವರಿಗೆ ಎರಡನ್ನೂ ಒದಗಿಸಿದರು. ಉಳಿದವರಿಗೆ ಎರಡೂ ಇರಲಿಲ್ಲ. ಆಟಿಕೆಗಳು ಅಂಗಡಿಯವಲ್ಲ, ಮನೆಯಲ್ಲಿ ಸಿಗುವ ಸಾಮಾನುಗಳಿಂದ ಮಾಡಿದವು. ಈ ಭೇಟಿಗಳು ಎರಡು ವರ್ಷ ನಡೆದವು. ಇಪ್ಪತ್ತು ವರ್ಷಗಳ ಅನಂತರ ಆ ಮಕ್ಕಳನ್ನು ಮತ್ತೆ ಹುಡುಕಿ ನೋಡಿದಾಗ, ಆಟದ ಭೇಟಿ ದೊರೆತವರ ಸಂಪಾದನೆ ದೊರೆಯದವರಿಗಿಂತ ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಿತ್ತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದು ಸಣ್ಣ ಸಂಖ್ಯೆಯ ಮಕ್ಕಳ ಅಧ್ಯಯನ, ನಿಜ. ಆದರೂ ಅದೇ ಮಾದರಿಯನ್ನು ಅನಂತರ ಅನೇಕ ದೇಶಗಳಲ್ಲಿ, ನಮ್ಮ ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಸಹ, ನಡೆಸಿ ನೋಡಲಾಯಿತು.

ಹೀಗಿರುವಾಗ, 'ಆಟದಿಂದ ಏನೂ ಆಗಬೇಕಾಗಿಲ್ಲ' ಎಂದು ನಾವು ಹಗುರವಾಗಿ ಹೇಳಬಹುದೇ? ಮನೆತುಂಬ ಪುಸ್ತಕಗಳಿರುವವರು ಹಾಗೆ ಹೇಳಬಹುದು. ಬಡವರ ಮಗುವಿಗೆ ಆ ಒಂದು ಗಂಟೆ ಬಾಳಿನ ದಾರಿಯನ್ನೇ ಬದಲಿಸಬಲ್ಲದು. ಆದ್ದರಿಂದ ಕಲಿಕೆಯ ಉದ್ದೇಶವನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಇನ್ನೊಂದು ಕಡೆಯ ಮಾತೂ ಅಷ್ಟೇ ಗಟ್ಟಿಯಾಗಿದೆ. ಯಾವ ಮನುಷ್ಯನನ್ನೂ ಬರಿಯ ಸಾಧನವನ್ನಾಗಿ ಬಳಸಬಾರದು, ಅವನನ್ನು ತನ್ನಲ್ಲೇ ಬೆಲೆಯುಳ್ಳವನೆಂದು ಕಾಣಬೇಕು ಎಂಬುದು 1785ರಲ್ಲಿ ಇಮ್ಯಾನುಯಲ್ ಕಾಂಟ್ ಪ್ರತಿಪಾದಿಸಿದ ನೀತಿ. ಮಗುವೂ ಮನುಷ್ಯನಲ್ಲವೇ? ನೆಂಟರ ಮುಂದೆ "ಮೂಗೆಲ್ಲಿ ತೋರಿಸು, ಎ ಬಿ ಸಿ ಹೇಳು" ಎಂದು ನಾವು ಕೇಳುವಾಗ ಆ ಪ್ರದರ್ಶನದಿಂದ ಲಾಭ ಪಡೆಯುವವರು ಯಾರು? ಮಗುವೋ, ನಮ್ಮ ಪ್ರತಿಷ್ಠೆಯೋ? ನಾನು ಆ ಭಾನುವಾರ ಮೊಮ್ಮಗಳಿಗೆ ದೊಡ್ಡದು ಚಿಕ್ಕದನ್ನು ಕಲಿಸುತ್ತಿರಲಿಲ್ಲ. ನಮ್ಮ ಮಗು ಜಾಣೆ ಎಂಬುದನ್ನು ನೆಂಟರಿಗೆ ತೋರಿಸುತ್ತಿದ್ದೆ. ಅವಳಿಗೆ ಅದು ತಿಳಿಯಿತು. ಎದ್ದು ಹೋದಳು.

ಕೆಲವರು ಹೇಳುವುದುಂಟು: "ಆಟದ ನೆಪದಲ್ಲಿ ಕಲಿಸುವುದೆಂದರೆ ಬೆಲ್ಲದೊಳಗೆ ಮಾತ್ರೆ ಇಟ್ಟು ನುಂಗಿಸಿದಂತೆ. ಅದರಲ್ಲೇನು ತಪ್ಪು?" ಈ ಹೋಲಿಕೆಯನ್ನು ಸ್ವಲ್ಪ ಪರಿಶೀಲಿಸಿ. ಮಾತ್ರೆ ಕಹಿಯಾಗಿರುವುದರಿಂದ ಬೆಲ್ಲ ಬೇಕಾಗುತ್ತದೆ. ಆದರೆ ಎರಡು ವರ್ಷದ ಮಗುವಿಗೆ ಕಲಿಕೆ ಕಹಿಯೇ? ಡಬ್ಬಿಯೊಳಗೆ ಮುಚ್ಚಳ ಬಿದ್ದಾಗ ನಮ್ಮ ಮೊಮ್ಮಗಳು ನಕ್ಕಿದ್ದು ಏಕೆ? ಚಿಕ್ಕದು ದೊಡ್ಡದರೊಳಗೆ ಬೀಳುತ್ತದೆ, ಪ್ರತಿ ಸಲವೂ ಬೀಳುತ್ತದೆ ಎಂಬುದನ್ನು ಅವಳು ತಾನೇ ಕಂಡುಕೊಳ್ಳುತ್ತಿದ್ದಳು. ನಾನು ಕಲಿಸಲು ಹೊರಟದ್ದನ್ನೇ ಅವಳು ಕಲಿಯುತ್ತಿದ್ದಳು. ನಾನು ನಡುವೆ ಹೋಗಿ ಅದನ್ನು ನಿಲ್ಲಿಸಿದೆನು. ಮಗುವಿನ ಪಾಲಿಗೆ ಆಟವೂ ಕಲಿಕೆಯೂ ಬೆಲ್ಲ ಮತ್ತು ಮಾತ್ರೆಯಂತೆ ಬೇರೆಬೇರೆಯಲ್ಲ. ಬೇರ್ಪಡಿಸಿ, ಒಂದನ್ನು ಕಹಿಮಾಡಿ, ಮತ್ತೊಂದರೊಳಗೆ ಅಡಗಿಸುವವರು ನಾವು.

ಹಾಗಾದರೆ ದೊಡ್ಡವರು ದೂರ ನಿಂತು ನೋಡುತ್ತಿದ್ದರೆ ಸಾಕೇ? ಅದೂ ಸಾಲದು. ಕೆಲವು ಆಟಗಳನ್ನು ಮಗು ಒಂಟಿಯಾಗಿ ಆಡಲಾರದು. ನಮ್ಮ ಅಜ್ಜಿಯರು ಆಡಿಸುತ್ತಿದ್ದ ಆಟಗಳನ್ನೇ ನೆನಪಿಸಿಕೊಳ್ಳಿ.

ಸೆರಗಿನಿಂದ ಮುಖ ಮುಚ್ಚಿಕೊಂಡು, "ಅಮ್ಮ ಎಲ್ಲಿ?" ಎಂದು ಕೇಳಿ, ಸೆರಗು ಸರಿಸಿ "ಇಲ್ಲಿ!" ಎನ್ನುವ ಆಟವನ್ನು ಯಾವ ತಾಯಿಗೂ ಯಾರೂ ಕಲಿಸಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳನ್ನು ಹಸುಳೆತನದಲ್ಲಿ ದಿನದಿನವೂ ಗಮನಿಸಿ ಬರೆದಿಟ್ಟನು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ತೀರ ಎಳೆಯ ಮಗು ಅದನ್ನು ಹುಡುಕುವುದಿಲ್ಲ. ಎಂಟು ಒಂಬತ್ತು ತಿಂಗಳ ಸುಮಾರಿಗೆ ಬಟ್ಟೆಯನ್ನು ಎಳೆದು ಹುಡುಕತೊಡಗುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಇದ್ದೇ ಇದೆ ಎಂಬ ಅರಿವು ಹಾಗೆ ಮೂಡುತ್ತದೆ. ಕಾಣದಾದ ಅಮ್ಮ ಮರಳಿ ಬರುತ್ತಾಳೆ ಎಂಬ ಭರವಸೆಯನ್ನೂ ಮಗು ಈ ಆಟದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ನೋಡುತ್ತದೆ. ಆದ್ದರಿಂದ ಒಂದು ಮಾತು: ಮಗು ಹೆದರುವಷ್ಟು ಹೊತ್ತು ಅಡಗಿರಬೇಡಿ. ಕೆಲಸಕ್ಕೆ ಹೋಗುವಾಗ ಅಳುತ್ತದೆಂದು ಹಿಂಬಾಗಿಲಿನಿಂದ ಕದ್ದು ಹೋಗಬೇಡಿ. ಆಟದಲ್ಲಿ ಕಟ್ಟಿದ ಭರವಸೆಯನ್ನು ನಿಜದಲ್ಲಿ ಮುರಿದಂತಾಗುತ್ತದೆ. ಅತ್ತರೂ ಸರಿ, ಹೇಳಿ ಹೋಗಿ, ಹೇಳಿದಂತೆ ಬನ್ನಿ.

ಚೆಂಡನ್ನು ನೆಲದ ಮೇಲೆ ಉರುಳಿಸುವ ಆಟವನ್ನು ತೆಗೆದುಕೊಳ್ಳಿ. ನೀವು ಉರುಳಿಸಿ, ಮಗು ಹಿಡಿದು ಮರಳಿ ಉರುಳಿಸಲಿ. ಮೊದಮೊದಲು ಅದು ಚೆಂಡನ್ನು ಅಪ್ಪಿಕೊಂಡು ಕುಳಿತುಬಿಡುತ್ತದೆ. ಕಿತ್ತುಕೊಳ್ಳಬೇಡಿ, ಕೈಚಾಚಿ ಕಾಯಿರಿ. ಒಂದು ದಿನ ತಾನಾಗಿಯೇ ಕೊಡುತ್ತದೆ. ಕೊಟ್ಟದ್ದು ಮರಳಿ ಬರುತ್ತದೆ, ನನ್ನ ಸರದಿಯಂತೆ ಎದುರಿನವರಿಗೂ ಸರದಿಯಿದೆ ಎಂಬ ತಿಳಿವಳಿಕೆ ಅಲ್ಲಿ ಆರಂಭವಾಗುತ್ತದೆ. ನಾವು ಮುಂದೆ ಹಂಚಿಕೊಳ್ಳುವುದು, ನ್ಯಾಯ ಎಂದೆಲ್ಲ ಕರೆಯುವುದರ ಬೇರು ಇದೇ. ಕಿತ್ತುಕೊಂಡು ಕಲಿಸಿದರೆ ಮಗು ಕಲಿಯುವುದು ಕಿತ್ತುಕೊಳ್ಳುವುದನ್ನೇ.

ಮಗುವಿನ ಅಂಗೈಯಲ್ಲಿ ಬೆರಳಿನಿಂದ ಅನ್ನ ಕಲಸಿದಂತೆ ಮಾಡಿ, ಒಂದೊಂದು ಬೆರಳಿಗೂ ಒಂದೊಂದು ತುತ್ತು ಹಂಚಿ, ತೋಳಿನ ಮೇಲೆ ಬೆರಳುಗಳನ್ನು ನಡೆಸುತ್ತಾ ಹೋಗಿ ಕಂಕುಳಲ್ಲಿ ಕಚಗುಳಿಯಿಡುವ ಆಟ ನಮ್ಮ ನಾಡಿನಲ್ಲಿ ಬಹಳ ಮನೆಗಳಲ್ಲಿದೆ. ಐದು ಬೆರಳುಗಳ ಲೆಕ್ಕ, ಮಾತಿನ ಲಯ, ಮುಂದೇನು ಬರುವುದೆಂಬ ನಿರೀಕ್ಷೆ ಎಲ್ಲವೂ ಅದರಲ್ಲಿವೆ. ಮಗುವನ್ನು ಬೆನ್ನ ಮೇಲೆ ಹೊತ್ತು ಉಪ್ಪು ಮಾರುವವರಂತೆ ಮನೆಯೆಲ್ಲ ಸುತ್ತುವ ಆಟವೂ ಹಾಗೆಯೇ. ಇವಕ್ಕೆ ಕಾಸು ಬೇಡ.

ಇನ್ನು, ಆಟಕ್ಕೆ ಬಿಡುವೆಲ್ಲಿ ಎಂದು ಕೇಳುವ ತಾಯಂದಿರಿಗೆ ನಾನು ಹೊಸ ಹೊರೆಯನ್ನು ಹೊರಿಸಲಾರೆ. ಬೆಳಗಿನ ಜಾವ ಅಡುಗೆ ಮಾಡಿಟ್ಟು ಗಾರ್ಮೆಂಟ್ಸ್‌ಗೆ ಹೋಗಿ, ಸಂಜೆ ಬಸ್ಸಿನಲ್ಲಿ ನಿಂತು ಬರುವ ತಾಯಿಗೆ 'ದಿನಕ್ಕೊಂದು ಗಂಟೆ ಆಡಿ' ಎಂದು ಉಪದೇಶಿಸುವುದು ಸುಲಭ. ಆದರೆ ಮನೆಗೆಲಸವೇ ಮಗುವಿಗೆ ಆಟ. ಒಣಗಿದ ಬಟ್ಟೆ ಮಡಿಸುವಾಗ ಅಪ್ಪನ ಅಂಗಿ ಒಂದು ಕಡೆ, ತನ್ನದು ಒಂದು ಕಡೆ ಇಡಲಿ. ತರಕಾರಿ ಚೀಲದಿಂದ ಆಲೂಗಡ್ಡೆ ಬೇರೆ, ಈರುಳ್ಳಿ ಬೇರೆ ಮಾಡಲಿ. ಸ್ನಾನದ ಹೊತ್ತಿನಲ್ಲಿ ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲಿ. ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಸ್ವಲ್ಪ ಚೆಲ್ಲುತ್ತದೆ. ಅಷ್ಟು ಸೈರಿಸಿದರೆ ಸಾಕು. ಅಪ್ಪಂದಿರೇ, ಈ ಮಾತು ನಿಮಗೂ ಸೇರಿದ್ದು. ಹಗಲೆಲ್ಲ ಅಂಗನವಾಡಿಯಲ್ಲಿ ಮಗುವನ್ನು ಬಿಡುವ ಮನೆಯವರು ಅಲ್ಲಿನ ಕಾರ್ಯಕರ್ತೆಯೊಡನೆ ಎರಡು ಮಾತಾಡಿ, ಅಲ್ಲಿ ಆಡಿದ ಆಟವನ್ನು ಮನೆಯಲ್ಲಿಯೂ ಮುಂದುವರಿಸಬಹುದು.

ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದೊಳಗಿನ ಮಗು ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಹುಣಸೆಬೀಜ, ಕಡಲೆಬೀಜ, ಗೋಲಿ, ನಾಣ್ಯಗಳನ್ನು ಆಟಕ್ಕೆ ಕೊಡಬಾರದು, ಉಸಿರಿಗೆ ಅಡ್ಡವಾಗಬಹುದು. ಆಟಿಕೆಯಲ್ಲಿರುವ ಗುಂಡಿಯಂಥ ಬ್ಯಾಟರಿ ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೀರು ತುಂಬಿದ ಬಕೆಟ್ಟಿನ ಬಳಿ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು.

ಮೊಬೈಲ್ ಫೋನಿನಲ್ಲಿಯೂ ಕಲಿಕೆಯ ಆಟಗಳಿವೆಯಲ್ಲ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದು ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ನಾನು ಇದಕ್ಕೆ ಒಂದೇ ಒಂದು ಮಾತನ್ನು ಸೇರಿಸುತ್ತೇನೆ. ಫೋನು ಬಣ್ಣದ ಹೆಸರನ್ನು ಹೇಳಬಲ್ಲದು. ಆದರೆ ಮಗು ಚೆಂಡನ್ನು ಅಪ್ಪಿಕೊಂಡು ಕುಳಿತಾಗ ಕೈಚಾಚಿ ಕಾಯಲಾರದು.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಉದ್ದೇಶ ಇರಬಹುದು, ಆದರೆ ಮಗು ಸಾಧನವಾಗಬಾರದು. ಇವೆರಡನ್ನೂ ಹೊಂದಿಸುವುದು ಹೇಗೆ? ನನಗೆ ಇದರ ಉತ್ತರ ದೊರೆತದ್ದು ನಮ್ಮ ಪರಿಚಯದ ಒಂದು ಮನೆಯಲ್ಲಿ. ಅಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದಾನೆ. ಹುಟ್ಟಿನಿಂದಲೇ ಅವನಿಗೆ ನಡೆಯಲಾಗದು, ಮಾತು ಬಾರದು. ಮಾತು ಬರುವ ಸಂಭವ ಕಡಿಮೆಯೆಂದು ವೈದ್ಯರು ತಿಳಿಸಿದ್ದಾರೆ. ಅವನ ತಾಯಿ ಪ್ರತಿ ಸಂಜೆ ಅವನ ಅಂಗೈಯಲ್ಲಿ ಅನ್ನ ಕಲಸುವ ಆಟವನ್ನು ಆಡಿಸುತ್ತಾಳೆ. ಏಳು ವರ್ಷದಿಂದ ಅದೇ ಆಟ, ಅದೇ ಮಾತುಗಳು. ಒಮ್ಮೆ ನಾನು ಅಲ್ಲಿದ್ದೆ. ಅವಳ ಬೆರಳುಗಳು ಮೊಣಕೈಯನ್ನು ಮುಟ್ಟುವ ಮೊದಲೇ ಹುಡುಗ ನಗಲು ಆರಂಭಿಸಿದನು. "ಅವನಿಗೆ ಗೊತ್ತು ಸಾರ್, ಕಚಗುಳಿ ಬರುತ್ತೆ ಅಂತ" ಎಂದಳು ಆಕೆ.

ಆ ಆಟದಿಂದ ಅವನು ಎಣಿಸುವುದನ್ನು ಕಲಿಯದಿರಬಹುದು. ನಾಳೆ ಯಾವ ಪರೀಕ್ಷೆಯಲ್ಲಿಯೂ ಅದು ಲೆಕ್ಕಕ್ಕೆ ಬಾರದು. ಹಾಗೆಂದು ಆ ಆಟದ ಬೆಲೆ ಕಡಿಮೆಯೇ? ಕಡಿಮೆಯೆಂದು ನಮ್ಮ ಅಂತರಂಗ ಒಪ್ಪುವುದಿಲ್ಲ. ಹಾಗಾದರೆ ಆಟದ ಬೆಲೆ ಅದು ತರುವ ಫಲದಲ್ಲಿ ಮಾತ್ರ ಇಲ್ಲ. ಒಬ್ಬರು ಇನ್ನೊಬ್ಬರಿಗಾಗಿ ನೆಲದ ಮೇಲೆ ಕುಳಿತು, ಅವರ ವೇಗಕ್ಕೆ ತಮ್ಮ ವೇಗವನ್ನು ಇಳಿಸಿಕೊಳ್ಳುವುದರಲ್ಲೇ ಅದು ಇದೆ. ಕಲಿಕೆ ಬಂದರೆ ಅದು ಅದರ ಮೇಲೆ ಬೆಳೆದ ಬೆಳೆ. ಜಮೈಕಾದ ಆ ಕಾರ್ಯಕರ್ತೆಯರು ಮಾಡಿದ್ದೂ ಇದನ್ನೇ ಎಂದು ನನಗನಿಸುತ್ತದೆ. ಅವರು ಮಗುವಿಗೆ ಪಾಠ ಹೇಳಿ ಹೊರಟುಹೋಗಲಿಲ್ಲ. ತಾಯಿಯನ್ನು ಮಗುವಿನ ಜೊತೆ ಕೂರಿಸಿ, ಮಾತನಾಡಿಸಿ, ಮಗು ಮಾಡಿದ್ದನ್ನು ಮೆಚ್ಚುವುದನ್ನು ರೂಢಿಸಿದರು.

ಆದ್ದರಿಂದ, ಮಕ್ಕಳೊಡನೆ ಆಡುವಾಗ ನಾನು ಈಗ ನನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಆಟವನ್ನು ನಿಲ್ಲಿಸುವ ಹಕ್ಕು ಮಗುವಿಗಿದೆಯೇ? ಆಟದ ನಿಯಮವನ್ನು ಬದಲಿಸುವ ಹಕ್ಕು ಅದಕ್ಕಿದೆಯೇ? ಇದರಿಂದ ಮಗು ಏನನ್ನೂ ಕಲಿಯದೆಂದು ಖಚಿತವಾಗಿ ತಿಳಿದರೂ ನಾನು ಆಡುತ್ತೇನೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಉದ್ದೇಶ ನನ್ನ ಮನಸ್ಸಿನಲ್ಲಿ ಒಂದು ಮೂಲೆಯಲ್ಲಿದ್ದರೂ ದೋಷವಿಲ್ಲ. ಆಟ ಮಗುವಿನದಾಗಿಯೇ ಉಳಿದಿದೆ. ಒಂದಕ್ಕೆ ಅಲ್ಲವೆಂದು ಬಂದರೂ ಅದು ಆಟವಲ್ಲ, ಪರೀಕ್ಷೆ.

ಮಕ್ಕಳಿಗೆ ವಿಶ್ರಾಂತಿಯೂ ಆಟವೂ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಸಾರುತ್ತದೆ. ಭಾರತವೂ 1992ರಲ್ಲಿ ಅದಕ್ಕೆ ಸಮ್ಮತಿ ನೀಡಿದೆ. ಆ ಹಕ್ಕು ಮೊದಲು ಜಾರಿಗೆ ಬರಬೇಕಾದದ್ದು ನಮ್ಮ ಹಜಾರದ ನೆಲದ ಮೇಲೆ.

ನನ್ನ ಮಗನ ಬಾಲ್ಯವನ್ನು ನಾನು ಮರಳಿ ತರಲಾರೆ. ಅವನಲ್ಲಿ ಕ್ಷಮೆ ಕೇಳಿದೆನು. ಅವನು ನಕ್ಕು, "ಬಿಡಿ ಅಪ್ಪಾ, ಮಗ್ಗಿ ಚೆನ್ನಾಗಿ ಬರುತ್ತೆ ನನಗೆ" ಎಂದನು. ಮರುದಿನ ಸಂಜೆ ಮೊಮ್ಮಗಳು ಡಬ್ಬಿಗಳನ್ನು ಹರಡಿಕೊಂಡಾಗ ನಾನೂ ಕಷ್ಟಪಟ್ಟು ನೆಲದ ಮೇಲೆ ಕುಳಿತೆ. ಏನನ್ನೂ ಕೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನನ್ನು ಅನುಮಾನದಿಂದ ನೋಡಿ, ಒಂದು ಮುಚ್ಚಳವನ್ನು ನನ್ನ ಕೈಗೆ ಕೊಟ್ಟಳು. ತೀರ ಚಿಕ್ಕದು. ನಾನು ಅದನ್ನು ಎಲ್ಲಕ್ಕಿಂತ ದೊಡ್ಡ ಡಬ್ಬಿಯ ಮೇಲೆ ಹಿಡಿದು ಕೈಬಿಟ್ಟೆ.